ಐದನೇ ತೊಟ್ಟಿಲಿನ ಗುಬ್ಬಿ

ನನ್ನ ಸಂಬಳದ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ, ಶಾಲೆಯ ಅಂಕಪಟ್ಟಿಯಲ್ಲಿ, ಎಲ್ಲ ಕಡೆಯೂ ನನ್ನ ಹೆಸರು ಪುಟ್ಟು ಎಂದೇ ಇದೆ. ಇಪ್ಪತ್ತೆಂಟು ವರ್ಷ, ಆರಡಿಗೆ ಎರಡೇ ಅಂಗುಲ ಕಡಿಮೆ, ಮುಂದಲೆಯ ಕೂದಲು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ, ಆದರೂ ಪುಟ್ಟು. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹೆಸರು ಕೇಳಿದರಂತೆ. ಅಪ್ಪ "ಸದ್ಯಕ್ಕೆ ಪುಟ್ಟು ಅಂತ ಬರ್ಕೊಳ್ಳಿ, ಆಮೇಲೆ ಒಳ್ಳೇದೊಂದು ನೋಡ್ತೀವಿ" ಎಂದರಂತೆ. ಆ 'ಆಮೇಲೆ' ಇನ್ನೂ ಬಂದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಆದರೆ ಹೆಗ್ಗಣ ದೊಡ್ಡದಾಗಿ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಕೌಂಟರಿನವರು "ಪುಟ್ಟು ಯಾರ್ರೀ?" ಎಂದು ಕೂಗುತ್ತಾರೆ, ಹಿಂದಿದ್ದವರೆಲ್ಲ ದಾರಿ ಬಿಟ್ಟು, ಮಗುವೊಂದು ಮುಂದೆ ಬರಲಿ ಎಂದು ಕಾಯುತ್ತಾರೆ.

ಹೀಗಾಗಿ ಮುದ್ದಿನ ಹೆಸರುಗಳ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತ ಯಾರೂ ಇಲ್ಲ ಎಂದು ತಿಳಿದಿದ್ದೆ. ಆ ಪಾಂಡಿತ್ಯದಿಂದ ಹಾಳಾದದ್ದು ನನ್ನ ಜೊತೆ ಕೆಲಸ ಮಾಡುವ ಅಂಟಕ್ಕನ ಬದುಕು. ಅವರ ಬಗ್ಗೆಯೇ ಬರೆಯಹೊರಟೆ; ಶುರು ಮಾಡಿದ್ದು ಮಾತ್ರ ನನ್ನಿಂದ. ಚಾಳಿ.

ನಮ್ಮದು ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಮುಚ್ಚಿಹೋದ ಶಾಲೆ, ಆಸ್ಪತ್ರೆ, ಗಿರಣಿಗಳ ರಿಜಿಸ್ಟರುಗಳು ಟ್ರಂಕುಗಳಲ್ಲಿ ತುಂಬಿ ಬರುತ್ತವೆ. ಕೆಲಸ ನಡೆಯುವುದು ನೆಲಮಾಳಿಗೆಯಲ್ಲಿ. ಎರಡೇ ಕಿಟಕಿ, ಎರಡರಲ್ಲೂ ಕಾಣುವುದು ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ. ಅಂಟಕ್ಕ ರಿಜಿಸ್ಟರಿನ ಬೆನ್ನು ಬಿಡಿಸಿ, ಹೊಲಿಗೆ ಕತ್ತರಿಸಿ, ಹಾಳೆ ಸಡಿಲ ಮಾಡಿ ನನಗೆ ಕೊಡುತ್ತಾರೆ. ನಾನು ಹಾಳೆಯನ್ನು ಸ್ಕ್ಯಾನರಿನ ಗಾಜಿನ ಕೆಳಗೆ ಇಟ್ಟು ಕಾಲಿನಿಂದ ಪೆಡಲ್ ಒತ್ತುತ್ತೇನೆ, ಬೆಳಕು ಹಾಯುತ್ತದೆ, ಹಾಳೆ ತಿರುಗಿಸುತ್ತೇನೆ. ಮತ್ತೆ ಪೆಡಲ್. ಮುಗಿದ ಮೇಲೆ ಕಟ್ಟು ಅವರ ಮೇಜಿಗೆ ವಾಪಸ್. ಅವರು ಹಾಳೆಯ ಕ್ರಮ ನೋಡಿ, ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ಹುಟ್ಟಿದಾಗ ಇದ್ದದ್ದಕ್ಕಿಂತ ಗಟ್ಟಿ ಮಾಡಿ ಇಡುತ್ತಾರೆ.

"ಕಂಪ್ಯೂಟರ್ ಕೆಲಸ ಅಂತ ಹೇಳ್ಕೊಂಡು ತಿರುಗ್ತೀಯಲ್ಲ, ನೋಡಿದ್ರೆ ಹೊಲಿಗೆ ಮಿಷನ್ ತುಳಿಯೋ ಹಾಗಿದೆ," ಎಂದು ನಾನು ಸೇರಿದ ಮೊದಲ ವಾರವೇ ಹೇಳಿದ್ದರು.

"ನೀವು ಹೊಲೀತೀರಿ, ನಾನು ತುಳೀತೀನಿ. ಜೋಡಿ ಸರಿಯಾಗಿದೆ ಅಕ್ಕ."

"ಜೋಡಿಯಂತೆ! ಮೊದಲು ಮೂಗು ಒರೆಸ್ಕೋ ಪುಟ್ಟು."

ಅಂಟಕ್ಕನಿಗೆ ಐವತ್ತಮೂರು ವರ್ಷ. ಗಿಡ್ಡ ಆಳು. ಬಲಗೈ ಹೆಬ್ಬೆರಳಿನ ಉಗುರು ಹಾಳೆ ಒತ್ತಿ ಒತ್ತಿ ಅರ್ಧ ಸವೆದಿತ್ತು. ರವಿಕೆಯ ತೋಳಿನ ಅಂಚಿಗೆ ಯಾವಾಗಲೂ ಎರಡು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಕೂದಲಲ್ಲಿ ಎಲ್ಲೋ ಒಂದು ಕಡೆ ಒಣಗಿದ ಮೈದಾ ಅಂಟು ಇದ್ದೇ ಇರುತ್ತಿತ್ತು. ಆ ಅಂಟನ್ನು ದಿನವೂ ಬೆಳಿಗ್ಗೆ ತಾವೇ ಕಾಸುತ್ತಿದ್ದರು. ಅಂಗಡಿಯ ಗೋಂದನ್ನು ಕಂಡರೆ ಆಗದು. "ಅದು ಹಿಡ್ಕೊಂಡ್ರೆ ಬಿಡಲ್ಲ. ಅಂಟು ಅಂದ್ಮೇಲೆ ಬೇಕಾದಾಗ ಬಿಡಬೇಕು, ಹಾಳೆ ಹರೀಬಾರ್ದು" ಎನ್ನುತ್ತಿದ್ದರು.

ಅವರ ಕಥೆಯನ್ನು ನಾನು ಕೇಳಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಕಂತುಕಂತಾಗಿ. ಅವರಿಗೆ ಆರು ವರ್ಷ, ತಮ್ಮನಿಗೆ ಹತ್ತು ತಿಂಗಳು. ತಾಯಿ ತೀರಿಕೊಂಡ ವಾರಕ್ಕೇ ತಂದೆ ಇಬ್ಬರನ್ನೂ ಅನಾಥಾಲಯದ ಗೇಟಿನವರೆಗೆ ಕರೆದುಕೊಂಡು ಬಂದು, "ಇಲ್ಲೇ ನಿಂತಿರಿ, ಬಿಸ್ಕತ್ತು ತರ್ತೀನಿ" ಎಂದು ಹೋದರು.

"ಯಾವ ದೇಶದ ಬಿಸ್ಕತ್ತು ತರೋಕೆ ಹೋದ್ರೋ! ನಲವತ್ತೇಳು ವರ್ಷ ಆಯ್ತು," ಎಂದು ಅಂಟಕ್ಕ ನಕ್ಕರು. ಅವರು ಈ ಮಾತನ್ನು ಎಷ್ಟು ಸಲ ಹೇಳಿ ನಕ್ಕಿದ್ದರೆಂದರೆ, ಅದರ ಅಂಚುಗಳೆಲ್ಲ ಸವೆದು ನುಣುಪಾಗಿದ್ದವು.

ಅವರನ್ನು ದೊಡ್ಡ ಮಕ್ಕಳ ಕಡೆಗೆ ಹಾಕಿದರು, ತಮ್ಮನನ್ನು ಕೂಸುಗಳ ಕೋಣೆಗೆ. ನಡುವೆ ಒಂದು ಅಂಗಳ. ಭಾನುವಾರ ಮಧ್ಯಾಹ್ನ ಮಾತ್ರ ಕಿಟಕಿಯ ಹೊರಗೆ ನಿಲ್ಲಲು ಬಿಡುತ್ತಿದ್ದರು. ಒಳಗಿನಿಂದ ಆಯಾ ಮಗುವನ್ನು ಎತ್ತಿ ತೋರಿಸುತ್ತಿದ್ದಳು. ಮನೆಯಲ್ಲಿ ಅವನಿಗೆ ಹೆಸರಿಟ್ಟಿರಲಿಲ್ಲ. ಅಲ್ಲಿ ಅವನು ಗುಬ್ಬಿಯಾದ. "ನೋಡು, ನಿನ್ನ ಗುಬ್ಬಿ" ಎನ್ನುತ್ತಿದ್ದಳು ಆಯಾ. ಆರು ವರ್ಷದ ಹುಡುಗಿಗೆ ಆ ಹೆಸರು ಬಹಳ ಹಿಡಿಸಿತು. ತಾಯಿ ಇಟ್ಟ ಹೆಸರೇ ಎನ್ನುವಷ್ಟು ಹಿಡಿಸಿತು. ರಾತ್ರಿ ಮಲಗುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದಳಂತೆ.

"ಎರಡು ಭಾನುವಾರ ನೋಡಿದೆ. ಆಮೇಲೆ ಒಳಗೆ ಮಕ್ಕಳಿಗೆಲ್ಲ ಜ್ವರ ಅಂತ ಕಿಟಕಿ ಮುಚ್ಚಿಬಿಟ್ರು. ಐದು ವಾರ. ತೆಗೆದ ದಿನ ನಾನೇ ಮೊದಲು ಓಡಿದೆ. ನನ್ನ ಗುಬ್ಬಿ ತೋರಿಸಿ ಅಂದೆ. ಆಯಾ ಎತ್ತಿ ತೋರಿಸಿದ್ಲು. ತಲೆ ಬೋಳಿಸಿದ್ರು. ಜ್ವರ ಬಂದು ಹೋದ್ರೂ ಮೈ ತುಂಬ್ಕೊಂಡಿದ್ದ ಕಳ್ಳ! ನನ್ನ ಗುರುತು ಹಿಡೀಲಿಲ್ಲ, ಬೇರೆ ಕಡೆ ನೋಡ್ತಾ ಇದ್ದ. ಅಷ್ಟು ದಿನ ಬರಲಿಲ್ಲ ಅಂತ ಕೋಪ ಬಂದಿರ್ಬೇಕು."

ಏಳು ತಿಂಗಳ ಮೇಲೆ ಗುಬ್ಬಿಯನ್ನು ಪಕ್ಕದ ಊರಿನ ಲಾರಿ ಮೆಕ್ಯಾನಿಕ್ ದಂಪತಿ ದತ್ತು ತೆಗೆದುಕೊಂಡು ಹೋದರು. ಅಕ್ಕ ಗೇಟಿನ ಸರಳು ಹಿಡಿದು ನಿಂತು ನೋಡಿದರು. ಹದಿನಾರಕ್ಕೆ ಅಲ್ಲಿಂದ ಹೊರಬಂದಾಗ ಕೈಯಲ್ಲಿದ್ದದ್ದು ಅಲ್ಲೇ ಕಲಿತ ಬೈಂಡಿಂಗ್ ಕೆಲಸ ಒಂದೇ. ಮದುವೆಯಾಯಿತು. "ಗಂಡ ಅಂತ ಒಬ್ಬ ಇದ್ದ, ಮೂರು ವರ್ಷ. ಅವನೂ ಬಿಸ್ಕತ್ತು ತರೋಕೆ ಹೋದ." ಮಕ್ಕಳಿಲ್ಲ. ಉಳಿದಿದ್ದು ತಮ್ಮನನ್ನು ಹುಡುಕುವುದು. ಇಪ್ಪತ್ತು ವರ್ಷ ಅನಾಥಾಲಯದ ಕಚೇರಿಗೆ ಅಲೆದ ಮೇಲೆ, ಯಾರೋ ಒಬ್ಬ ಗುಮಾಸ್ತರು ಕರುಣೆಯಿಂದ ದತ್ತಿನ ಪಟ್ಟಿ ತೆರೆದು ಒಂದು ಸಾಲು ಓದಿದರು. ಆ ವರ್ಷ ಗುಬ್ಬಿ ಎಂಬ ಹೆಸರಿನ ಮಗುವನ್ನು ಕೊಟ್ಟದ್ದು ಒಂದೇ ಸಲ, ಮೆಕ್ಯಾನಿಕ್ ದಂಪತಿಗೆ. ಊರೂ ಇತ್ತು.

ಹೋಗಿ ನೋಡಿದರೆ ಬಸ್ ನಿಲ್ದಾಣದ ಎದುರು ತಗಡಿನ ಪೆಟ್ಟಿಗೆಯಂಥ ಅಂಗಡಿ. ಒಳಗೆ ಬೀಗದ ಕೈ ಅರೆಯುತ್ತ ಕೂತ ದಪ್ಪ ಮನುಷ್ಯ. ದತ್ತು ತಂದ ವಿಷಯವನ್ನು ಸಾಕಿದ ತಾಯಿ ಅವನಿಗೆ ಹೇಳಿದ್ದರು. ಅವನ ಜೊತೆ ಬಂದಿದ್ದ ಕಂಬಳಿಯ ತುಂಡನ್ನೂ ಇಟ್ಟುಕೊಂಡಿದ್ದರು. ಅದರ ಮೂಲೆಯಲ್ಲಿ ಕೆಂಪು ದಾರದಲ್ಲಿ 'ಗುಬ್ಬಿ' ಎಂದು ಹೊಲಿದಿತ್ತು. ಇಬ್ಬರೂ ಕನ್ನಡಿಯ ಮುಂದೆ ನಿಂತು ಕಿವಿ ಹೋಲಿಸಿಕೊಂಡರಂತೆ. ಒಂದೇ ಥರ! ಹಾಗೆ ಹನ್ನೊಂದು ವರ್ಷದ ಹಿಂದೆ, ನಲವತ್ತೆರಡನೇ ವಯಸ್ಸಿನಲ್ಲಿ, ಅಂಟಕ್ಕನಿಗೆ ಒಬ್ಬ ತಮ್ಮ ಸಿಕ್ಕಿದ. ಅಲ್ಲಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಮೂರನೇ ಮಹಡಿಯ ಅವರ ಒಂದೇ ಕೋಣೆಗೆ ಅವನು ಹೆಂಡತಿ, ಮಗಳ ಸಮೇತ ಬರುತ್ತಿದ್ದ. ನಾಲ್ವರೂ ಮಂಚದ ಮೇಲೆ ಕೂತು ಊಟ ಮಾಡುತ್ತಿದ್ದರು. ಕುರ್ಚಿಗೆ ಜಾಗವಿರಲಿಲ್ಲ.

ಆ ತಮ್ಮನನ್ನು ನಾನು ಬೀಗದಣ್ಣ ಎನ್ನುತ್ತಿದ್ದೆ. ನಲವತ್ತೆಂಟು ವರ್ಷ, ದಪ್ಪ ಮೀಸೆ, ಮೆಟ್ಟಿಲು ಇಳಿದರೆ ನೆಲಮಾಳಿಗೆ ಅದುರುವ ದೇಹ. ಅಂಥವರನ್ನು ಅಂಟಕ್ಕ ಕೋಣೆಯ ಆ ತುದಿಯಿಂದ "ಗುಬ್ಬೀ" ಎಂದು ಕರೆದರೆ, ಆ ದೇಹ "ಬಂದೆ ಅಕ್ಕ" ಎಂದು ಓಡುತ್ತಿತ್ತು.

ಕಳೆದ ವರ್ಷ ಆ ಅನಾಥಾಲಯವೇ ಮುಚ್ಚಿತು. ಅದರ ಹದಿನಾಲ್ಕು ಟ್ರಂಕುಗಳು ನಮ್ಮಲ್ಲಿಗೆ ಬಂದವು. ಬೀಗ ಇತ್ತು, ಕೈ ಇರಲಿಲ್ಲ. "ನಮ್ಮ ಗುಬ್ಬಿ ಇದಾನಲ್ಲ!" ಎಂದರು ಅಂಟಕ್ಕ. ಒಂದು ಶನಿವಾರ ಮಧ್ಯಾಹ್ನ ಬೀಗದಣ್ಣ ಚೀಲ ಹಿಡಿದು ಬಂದು, ನೆಲದ ಮೇಲೆ ಕಾಲು ಚಾಚಿ ಕೂತು, ಒಂದೊಂದೇ ಬೀಗ ತೆರೆಯತೊಡಗಿದರು.

"ನಾನು ಕಳ್ಳ ಆಗಿದ್ರೆ ಇಷ್ಟು ಹೊತ್ತಿಗೆ ಮನೆ ಕಟ್ಟಿಸ್ತಿದ್ದೆ. ಅಕ್ಕ ಬಂದು ಕೆಡಿಸಿದ್ಲು."

"ಈ ಹೊಟ್ಟೆ ಇಟ್ಕೊಂಡು ಯಾವ ಕಿಟಕೀಲಿ ನುಗ್ತಿದ್ದೆಯೋ?"

"ಬಾಗಿಲಿಂದಾನೇ ಹೋಗ್ತಿದ್ದೆ. ಕೀಲಿ ನನ್ನ ಹತ್ರಾನೇ ಇರುತ್ತಲ್ಲ." ನನ್ನ ಕಡೆ ತಿರುಗಿದರು. "ಪುಟ್ಟು, ನಿನ್ನ ಒಂದು ಮಾತು ಕೇಳ್ಬೇಕು. ಮಗಳಿಗೆ ಈಗ ಏಳು ತಿಂಗಳು. ಮಗು ಹುಟ್ಟಿದ ಮೇಲೆ ಸರ್ಟಿಫಿಕೇಟಲ್ಲೇ ಗುಬ್ಬಿ ಅಂತ ಬರೆಸೋಣ ಅಂತಿದೀನಿ. ಮಗಳೂ ಒಪ್ಪಿದಾಳೆ."

ನನ್ನ ಪಾಂಡಿತ್ಯ ಎದ್ದು ಕೂತಿತು. "ಬೇಡಿ ಅಣ್ಣ, ಕೈ ಮುಗೀತೀನಿ. ನಾಳೆ ಆ ಮಗು ವಕೀಲ ಆಗುತ್ತೆ ಅಂದ್ಕೊಳ್ಳಿ. ಗುಬ್ಬಿ ಅನ್ನೋ ವಕೀಲರ ಹತ್ರ ಯಾರಾದ್ರೂ ಕೇಸು ಕೊಡ್ತಾರಾ? ನನ್ನನ್ನೇ ನೋಡಿ. ಮದುವೆಗೆ ಹುಡುಗಿ ನೋಡೋಕೆ ಹೋದ್ರೆ, ಹುಡುಗ ಎಲ್ಲಿ ಅಂತ ನನ್ನ ಹಿಂದೆ ಹುಡುಕ್ತಾರೆ."

"ಅದು ಹೆಸರಿಂದಲ್ಲ, ನಿನ್ನ ಮುಖ ನೋಡಿ," ಎಂದರು ಅಂಟಕ್ಕ.

"ಅಕ್ಕ, ನೀವೇ ಹೇಳಿ. ಮುದ್ದಿನ ಹೆಸರು ಮನೆ ಒಳಗೆ ಇರ್ಬೇಕು, ಚಪ್ಪಲಿ ಬಾಗಿಲಾಚೆ ಇರೋ ಹಾಗೆ."

ಅಂಟಕ್ಕ ಕೈಯಲ್ಲಿದ್ದ ದಾರ ಕೆಳಗಿಟ್ಟರು. "ಇವನು ಸಿಕ್ಕಿದ್ದು ಆ ಹೆಸರಿಂದ ಕಣೋ. ಬೇರೆ ಏನಿತ್ತು ನನ್ನ ಹತ್ರ? ಒಂದು ಫೋಟೋ ಇರ್ಲಿಲ್ಲ. ಒಳ್ಳೇ ಹೆಸರು ಇಟ್ಟಿದ್ರೆ ಆ ಹೆಸರಿನವರು ಊರಿಗೆ ನೂರು ಜನ ಸಿಗ್ತಿದ್ರು. ಬರೆಸಲಿ ಬಿಡು." ಆಮೇಲೆ, ಅಷ್ಟು ವಯಸ್ಸಾದ ಹೆಂಗಸು, ನಾಚಿಕೊಂಡು ಕೇಳಿದರು: "ಪುಟ್ಟು, ಈ ಟ್ರಂಕಲ್ಲಿ ಎಲ್ಲೋ ಅವನು ಬಂದ ದಿನದ್ದು ಬರೆದಿರುತ್ತೆ. ಗುಬ್ಬಿ ಅಂತ ಮೊದಲನೇ ಸಲ ಬರೆದಿರೋ ಸಾಲು. ಹುಡುಕಿ ಒಂದು ಪ್ರಿಂಟ್ ತೆಗೆದುಕೊಡ್ತೀಯಾ? ಮಗು ಹುಟ್ಟಿದಾಗ ಗಾಜಿನ ಕಟ್ಟು ಹಾಕಿಸಿ ಕೊಡ್ತೀನಿ."

"ಅದೆಷ್ಟರ ಕೆಲಸ!" ಎಂದೆ.

ಎರಡು ವಾರದ ಮೇಲೆ ಒಂದು ಸೋಮವಾರ ಆ ಪುಸ್ತಕ ನನ್ನ ಗಾಜಿನ ಕೆಳಗೆ ಬಂತು. ಹಸಿರು ರಟ್ಟು, ಮೇಲೆ 'ಕೂಸುಗಳ ಕೋಣೆ, ದಿನಚರಿ' ಎಂದಿತ್ತು. ಮೊದಲ ಹಾಳೆಯಲ್ಲಿ ಮೇಟ್ರನ್ನಿನ ದುಂಡು ಅಕ್ಷರ:

ತೊಟ್ಟಿಲು ೧ ಪುಟ್ಟ. ೨ ಚಿನ್ನು. ೩ ಮರಿ. ೪ ಗುಂಡ. ೫ ಗುಬ್ಬಿ. ೬ ಮುದ್ದು. ೭ ಅಪ್ಪಿ. ೮ ಬಂಗಾರ. ಬಾಟಲಿ, ಟೋಪಿ, ಕಂಬಳಿಗಳ ಮೇಲೆ ಇದೇ ಹೆಸರು ಹೊಲಿಯತಕ್ಕದ್ದು. ಮಗು ಬದಲಾದರೂ ಹೆಸರು ಬದಲಾಯಿಸಬಾರದು. ಆಯಾಗಳಿಗೆ ಗೊಂದಲವಾಗಿ ಹಾಲು, ಔಷಧಿ ಅದಲುಬದಲಾಗುತ್ತದೆ.

ಮೊದಲನೇ ತೊಟ್ಟಿಲೇ ನಮ್ಮದು ಎಂದು ಒಬ್ಬನೇ ನಕ್ಕೆ. ಪೆಡಲ್ ಒತ್ತಿದೆ. ನಾಲ್ಕೈದು ಹಾಳೆ ತಿರುಗಿದ ಮೇಲೆ ನಗು ನಿಂತಿತು. ಪುಟ್ಟ ಹೋದ ಮೂರನೇ ದಿನ ಪುಟ್ಟ ಬಂದಿದ್ದ. ಚಿನ್ನು ದತ್ತು ಹೋಗಿದ್ದಳು. ಮರುವಾರ ಚಿನ್ನು ಎಂಬ ಗಂಡು ಬಂದಿತ್ತು. ಇಬ್ಬರೇ ಆಯಾಗಳು, ಎಂಟು ಮಕ್ಕಳು, ತಿಂಗಳಿಗೆ ಎರಡೋ ಮೂರೋ ಬದಲಾಗುತ್ತಿದ್ದವು. ಹೊಸ ಮಗುವಿಗೆ ಹೊಸ ಹೆಸರು, ಹೊಸ ಬಾಟಲಿ, ಹೊಸ ಕಂಬಳಿ ಎಂದರೆ ಯಾರಿಗೆ ಸಾಧ್ಯ? ತೊಟ್ಟಿಲಿಗೇ ಹೆಸರಿಟ್ಟುಬಿಟ್ಟಿದ್ದರು. ಒಳಗೆ ಮಲಗಿದ್ದು ಯಾವುದಾದರೇನು, ಎತ್ತಿಕೊಂಡಾಗ ಮುದ್ದಾಗಿ ಕರೆಯಲು ಒಂದು ಹೆಸರು ಸಿದ್ಧವಾಗಿರುತ್ತಿತ್ತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಾಪ, ಪ್ರೀತಿಯೇ ಇತ್ತು.

ಬೆರಳಿಟ್ಟು ಐದನೇ ತೊಟ್ಟಿಲನ್ನೇ ಹಿಡಿದು ಹೋದೆ. ಸಿಕ್ಕಿತು.

೫. ಗಂಡು, ಹತ್ತು ತಿಂಗಳು. ಅಕ್ಕನ ಜೊತೆ ಬಂದದ್ದು. ಅಕ್ಕ ದೊಡ್ಡ ಮಕ್ಕಳ ಕಡೆ.

ಅದೇ ಸಾಲಿನ ಕೊನೆಯ ಅಂಕಣದಲ್ಲಿ, ಇಪ್ಪತ್ತಮೂರು ದಿನದ ನಂತರದ ತಾರೀಖಿನಲ್ಲಿ: ಜ್ವರ. ಬೆಳಿಗ್ಗೆ ತೀರಿತು.

ಅದರ ಕೆಳಗೆ, ನಾಲ್ಕು ದಿನ ಬಿಟ್ಟು: ೫. ಗಂಡು, ಸುಮಾರು ಎಂಟು ತಿಂಗಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದ್ದು. ಜೊತೆಗೆ ಯಾರೂ ಇಲ್ಲ. ಕೊನೆಯ ಅಂಕಣ: ದತ್ತು. ಲಾರಿ ಮೆಕ್ಯಾನಿಕ್ ದಂಪತಿ.

ಕಿಟಕಿ ತೆರೆದ ಭಾನುವಾರ ಆ ಆರು ವರ್ಷದ ಹುಡುಗಿ ಗುಬ್ಬಿಯನ್ನು ತೋರಿಸಿ ಎಂದಳು. ಆಯಾ ಗುಬ್ಬಿಯನ್ನೇ ತೋರಿಸಿದಳು. ಯಾರೂ ಸುಳ್ಳು ಹೇಳಿರಲಿಲ್ಲ.

ನಾನು ಒಳ್ಳೆಯವನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ಯೋಚಿಸುತ್ತೇನೆ. ಆಗ ಮಾಡಿದ್ದು ಇಷ್ಟು: ಮತ್ತೆ ಮತ್ತೆ ನೋಡಿ, ತಾರೀಖುಗಳನ್ನೆಲ್ಲ ಚೀಟಿಯೊಂದರ ಮೇಲೆ ನೀಟಾಗಿ ಬರೆದು, ಬಾಣದ ಗುರುತು ಹಾಕಿ ಜೇಬಿನಲ್ಲಿಟ್ಟುಕೊಂಡೆ. ಮನಸ್ಸಿನಲ್ಲಿ ಅರ್ಧ ದುಃಖ, ಇನ್ನರ್ಧ, ಹೇಳಲು ನಾಚಿಕೆ, ಹೆಮ್ಮೆ. ಯಾರೂ ಕಂಡುಹಿಡಿಯದ್ದನ್ನು ನಾನು ಕಂಡುಹಿಡಿದಿದ್ದೆ. ಆಮೇಲೆ ಹೆದರಿಕೆಯಾಗಿ ಆ ಕಟ್ಟನ್ನು ನನ್ನ ಡ್ರಾಯರಿನಲ್ಲಿ, ಊಟದ ಡಬ್ಬಿಯ ಹಿಂದೆ ತುರುಕಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮೂರು ದಿನ ತುಟಿ ಹೊಲಿದುಕೊಂಡಿದ್ದೆ. ಅಂಟಕ್ಕ "ಯಾಕೋ, ಹಲ್ಲು ನೋವಾ?" ಎಂದು ಕೇಳಿ ಲವಂಗ ಕೊಟ್ಟರು. ಜಗಿದೆ.

ಗುರುವಾರ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ಒಂಬತ್ತು ಬಿಡಿಸಿ ಕೊಟ್ಟೆ, ಎಂಟು ಬಂತು. ಹಸಿರು ರಟ್ಟಿಂದು ಎಲ್ಲಿ?"

"ಅದು... ಹಾಳೆ ತುಂಬ ಹಾಳಾಗಿದೆ ಅಕ್ಕ. ಬಿಡಿ, ನಾನೇ ಹೇಗೋ ಮಾಡಿ..."

"ನೀನು ಹೇಗೋ ಮಾಡೋದು! ಶರ್ಟಿನ ಗುಂಡಿ ಹಾಕೋಕೆ ಬರಲ್ಲ ನಿನಗೆ. ತಾ ಇಲ್ಲಿ." ಡ್ರಾಯರನ್ನು ತಾವೇ ಎಳೆದರು. ಒಂದು ಕಟ್ಟು ಕಾಣೆಯಾಗುವುದೆಂದರೆ ಅವರ ಕೆಲಸದಲ್ಲಿ ಹೆಣ ಕಾಣೆಯಾದ ಹಾಗೆ, ಬಿಡುವವರಲ್ಲ.

ಹೊಲಿಯುವ ಮೊದಲು ಅವರು ಹಾಳೆಯ ಕ್ರಮ ನೋಡಲೇಬೇಕು. ಬೇರೆಯವರಾದರೆ ಪುಟಸಂಖ್ಯೆ ನೋಡುತ್ತಾರೆ. ಅಂಟಕ್ಕ ಪ್ರತಿ ಹಾಳೆಯ ಕೊನೆಯ ಸಾಲು, ಮುಂದಿನದರ ಮೊದಲ ಸಾಲು ಓದಿ ಜೋಡಿಸುತ್ತಿದ್ದರು. ಅನಾಥಾಲಯದಲ್ಲಿ ಬೈಂಡಿಂಗ್ ಹೇಳಿಕೊಟ್ಟವರು ಕಲಿಸಿದ್ದು ಹಾಗೆ. ನಾನು ಪೆಡಲ್ ಒತ್ತುತ್ತಿದ್ದೆ; ಗಾಜಿನ ಕೆಳಗೆ ಹಾಳೆಯೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವರ ಬೆರಳು ಸರಿಯುತ್ತಿತ್ತು, ಸರಿಯುತ್ತಿತ್ತು, ನಿಂತಿತು. ಹಿಂದಕ್ಕೆ ಹೋಯಿತು. ಮೊದಲ ಹಾಳೆಗೆ ಹೋಯಿತು. ಮತ್ತೆ ಬಂತು.

"ಪುಟ್ಟು, ಇಲ್ಲಿ ಬಾ. ಇದು ನನಗೆ ಅರ್ಥ ಆಗ್ತಾ ಇಲ್ಲ."

ಅರ್ಥವಾಗಿತ್ತು. ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಕೇಳಿದರಲ್ಲ ಎಂದು ನಾನು ಹೋಗಿ ವಿವರಿಸಿದೆ! ತೊಟ್ಟಿಲು, ಹೆಸರು, ತಾರೀಖು. ಜೇಬಿನಿಂದ ಆ ಚೀಟಿಯನ್ನೂ ತೆಗೆದೆ, ಬಾಣದ ಗುರುತುಗಳ ಸಮೇತ. ಶಾಲೆಯಲ್ಲಿ ಲೆಕ್ಕ ಬಿಡಿಸಿ ಮೇಷ್ಟರಿಗೆ ತೋರಿಸುವ ಹುಡುಗನ ಹಾಗೆ ತೋರಿಸಿದೆ. ಅವರು ಆ ಚೀಟಿಯನ್ನು ನೋಡಿದರು. ಮಡಿಕೆಗಳು ಜೇಬಿನ ಬೆವರಿಗೆ ಮಾಸಿದ್ದವು.

"ಯಾವಾಗಿಂದ ಗೊತ್ತು ನಿನಗೆ?"

"ಸೋಮವಾರದಿಂದ."

ಅಂಟಕ್ಕ ಬೆರಳಲ್ಲಿ ಎಣಿಸಿದರು. "ಹಾಗಾದ್ರೆ ಮೂರು ದಿನ ಜಾಸ್ತಿ ಇದ್ದ ನನಗೆ."

ಬಯ್ಯಲಿಲ್ಲ. ಸೂಜಿಗೆ ದಾರ ಪೋಣಿಸಲು ನೋಡಿದರು, ಆಗಲಿಲ್ಲ. ನನ್ನ ಕೈಗೆ ಕೊಟ್ಟರು. ನಾನು ಪೋಣಿಸಿ ಕೊಟ್ಟೆ. ಆ ಪುಸ್ತಕವನ್ನು ಅವತ್ತೇ ಪೂರ್ತಿ ಹೊಲಿದರು. ಸಂಜೆ, ಕೈ ತೊಳೆಯುತ್ತ, ನಲ್ಲಿಯ ಕಡೆ ಮುಖ ಮಾಡಿ ಹೇಳಿದರು: "ಎರಡು ಭಾನುವಾರ ಅಷ್ಟೇ ನಾನು ಅವನನ್ನ ನೋಡಿದ್ದು. ಮೂರನೇದರಿಂದ ಬೇರೆಯವರ ಮಗು ನೋಡಿ ಟಾಟಾ ಮಾಡ್ತಿದ್ದೆ. ನನ್ನ ತಮ್ಮ ಸತ್ತ ದಿನ ನಾನು ಅಲ್ಲೇ ಆ ಕಡೆ ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಾ ಇದ್ದೆ ಅನ್ಸುತ್ತೆ."

"ಅಕ್ಕ, ಬೀಗದಣ್ಣನಿಗೆ ಹೇಳ್ಬೇಡಿ," ಎಂದೆ. "ಈ ಪುಸ್ತಕ ಯಾರು ಓದ್ತಾರೆ? ನಾನು ಬಾಯಿ ಬಿಡಲ್ಲ. ಹನ್ನೊಂದು ವರ್ಷ ಆಯ್ತು, ಇನ್ಮೇಲೆ ಅವರಲ್ಲದೆ ಇನ್ಯಾರು ನಿಮ್ಮ ತಮ್ಮ?"

"ಅವನಿಗೂ ಒಬ್ಬಳು ಅಕ್ಕ ಇದ್ರೆ? ಎಲ್ಲೋ ಕೂತು ಹುಡುಕ್ತಾ ಇದ್ರೆ? ಆ ಹುಡುಕೋದು ಏನು ಅಂತ ನನಗೆ ಗೊತ್ತು ಪುಟ್ಟು, ನಿನಗೆ ಗೊತ್ತಿಲ್ಲ. ಅವಳ ತಮ್ಮನ್ನ ನಾನು ಮುಚ್ಚಿಟ್ಕೋಬಾರ್ದು."

ಶನಿವಾರ ಬೀಗದಣ್ಣ ಬಂದರು. ಪ್ರಿಂಟ್ ಸಿಕ್ಕಿತೆಂದು ಕರೆದಿದ್ದಾರೆ ಎಂದುಕೊಂಡು, ಕಟ್ಟು ಹಾಕಿಸಲು ಅಳತೆ ಬೇಕೆಂದು ಜೇಬಿನಲ್ಲಿ ಟೇಪು ಇಟ್ಟುಕೊಂಡು ಬಂದಿದ್ದರು. ಅಂಟಕ್ಕ ಪುಸ್ತಕ ತೆರೆದು ಎರಡು ಸಾಲು ತೋರಿಸಿದರು. ಅವರು ಕನ್ನಡಕ ಹಾಕಿ ಓದಿದರು. ಮೊದಲು ನಕ್ಕರು.

"ಯಾರೋ ಏನೋ ತಪ್ಪು ಬರೆದಿದಾರೆ ಬಿಡಕ್ಕ. ನಮ್ಮಿಬ್ಬರ ಕಿವಿ ನೋಡು."

"ಕಿವಿ ಎಲ್ಲರದ್ದೂ ಹಾಗೇ ಇರುತ್ತೆ."

"ರಕ್ತ ಕೊಟ್ರೆ ಪರೀಕ್ಷೆ ಮಾಡ್ತಾರಂತೆ ಈಗ. ಮಾಡಿಸೋಣ ಬಾ."

"ಸತ್ತದ್ದನ್ನ ತಾರೀಖು ಹಾಕಿ ಬರೆದಿಟ್ಟಿದಾರೆ. ಇನ್ನೇನು ಪರೀಕ್ಷೆ?"

ಬೀಗದಣ್ಣ ಮತ್ತೊಮ್ಮೆ ಓದಿದರು. ಈಗ ಎರಡನೇ ಸಾಲನ್ನು. ತುಟಿಗಳು ಅಲುಗುತ್ತಿದ್ದವು. ಬಸ್ ನಿಲ್ದಾಣದ ಬೆಂಚು. ಜೊತೆಗೆ ಯಾರೂ ಇಲ್ಲ. ಮುಂದಿನ ಹಾಳೆ ತಿರುಗಿಸಿದರು, ಹಿಂದಿನದನ್ನು ತಿರುಗಿಸಿದರು. ಅವರ ಬಗ್ಗೆ ಅಷ್ಟೇ ಇದ್ದದ್ದು. ಹನ್ನೊಂದು ವರ್ಷ ಅವರು ಒಬ್ಬ ತಾಯಿಗೆ ಹುಟ್ಟಿದ್ದರು, ಬಿಸ್ಕತ್ತು ತರಲು ಹೋದ ತಂದೆಯನ್ನು ಅಕ್ಕನ ಜೊತೆ ಸೇರಿ ಬಯ್ದಿದ್ದರು. ಈಗ ಬೆಂಚಿಗೆ ಹುಟ್ಟಿದವರಾಗಿದ್ದರು.

"ಏನೀಗ?" ಎಂದರು. "ಇಷ್ಟು ದಿನ ಹೇಗಿದ್ವೋ ಹಾಗೇ ಇರೋಣ ಅಕ್ಕ."

"ಇರೋಣಪ್ಪ," ಎಂದರು ಅಂಟಕ್ಕ. "ನಾಳೆ ಬಾ."

ಬಂದರು. ಆಮೇಲಿನ ಭಾನುವಾರವೂ ಬಂದರು. ಅಲ್ಲಿ ನಡೆದದ್ದನ್ನು ಅಂಟಕ್ಕ ತುಂಬ ದಿನದ ಮೇಲೆ ಹೇಳಿದರು. ಅವನನ್ನು ಕರೆಯಲು ಅವರ ಬಾಯಿಗೆ ಹೆಸರು ಬರುತ್ತಿರಲಿಲ್ಲ. ಗುಬ್ಬಿ ಎನ್ನಲು ಹೋದರೆ ಬೋಳುತಲೆಯ ಕೂಸಿನ ಬದಲು ಅದಕ್ಕಿಂತ ಮುಂಚಿನ, ಮುಖವೇ ನೆನಪಿಲ್ಲದ ಕೂಸು ಎದುರಿಗೆ ಬರುತ್ತಿತ್ತು. ಗುಬ್ಬಿ ಎನ್ನದೆ, ಸಾಕಿದವರು ಇಟ್ಟ ಕಾಗದದ ಹೆಸರಿನಿಂದ ಕರೆದರೆ ಅಂಗಡಿಗೆ ಬಂದ ಗಿರಾಕಿ ಕರೆದ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಏನೂ ಕರೆಯದೆ, "ಇಕೋ", "ನೋಡಿಲ್ಲಿ" ಎಂದು ಅನ್ನ ಬಡಿಸುತ್ತಿದ್ದರಂತೆ. ಅವನಿಗೆ ಅದು ತಿಳಿಯದೇ ಇರುತ್ತದೆಯೇ? ತನ್ನ ಮುಖ ಕಂಡರೆ ಅಕ್ಕನಿಗೆ ಸತ್ತ ತಮ್ಮ ನೆನಪಾಗುತ್ತಾನೆ ಎಂದುಕೊಂಡ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಒಂದು ಭಾನುವಾರ ಬಿಟ್ಟ. ಬರಬೇಕೆಂದು ಒತ್ತಾಯ ಮಾಡಿದರೆ, ಇಲ್ಲದ ಸಂಬಂಧವನ್ನು ಅವನ ಕುತ್ತಿಗೆಗೆ ಕಟ್ಟಿದ ಹಾಗಾಗುತ್ತದೆ ಎಂದು ಅಂಟಕ್ಕ ಸುಮ್ಮನಾದರು. ಅಕ್ಕ ಸುಮ್ಮನಾದಳು ಎಂದು ಅವನು ಇನ್ನೆರಡು ವಾರ ಬಿಟ್ಟ. ಒಬ್ಬರ ಮನಸ್ಸಿಗೆ ನೋವಾಗಬಾರದೆಂದು ಇನ್ನೊಬ್ಬರು ಒಂದೊಂದೇ ಹೆಜ್ಜೆ ಹಿಂದೆ ಇಟ್ಟರು. ಜಗಳವಾಡಿದ್ದರೆ ನಡುವೆ ಬಿದ್ದು ಬಿಡಿಸಬಹುದಿತ್ತು.

ಮಗು ಹುಟ್ಟಿತು, ಹೆಣ್ಣು. ಬೀಗದಣ್ಣ ನನ್ನ ಫೋನಿಗೆ ಫೋಟೋ ಕಳಿಸಿದರು. ಅಕ್ಕನ ಫೋನಿಗೆ ಕಳಿಸಿರಲಿಲ್ಲ. ಅದರಲ್ಲಿ ಫೋಟೋ ಬರುವುದಿಲ್ಲ, ಅದು ನಿಜ, ಆದರೆ ಮುಂಚೆ ಇಂಥದ್ದಕ್ಕೆಲ್ಲ ಓಡಿ ಬರುತ್ತಿದ್ದರು. ಹೆಸರನ್ನೂ ಬರೆದಿದ್ದರು. ಈಗಿನ ಮಕ್ಕಳಿಗೆ ಇಡುವ, ಅಚ್ಚುಕಟ್ಟಾದ, ಎಲ್ಲ ಅರ್ಜಿಗಳಲ್ಲೂ ಹಿಡಿಸುವ ಒಂದು ಹೆಸರು. ನಾನು ಉಪದೇಶ ಮಾಡಿದ್ದೆನಲ್ಲ, ಅಂಥದ್ದೇ. ಅಂಟಕ್ಕನಿಗೆ ತೋರಿಸಿದೆ. ಕೈಯ ಅಂಟು ಒರೆಸಿಕೊಂಡು ಫೋನು ಹಿಡಿದು ನೋಡಿದರು.

"ಒಳ್ಳೇ ಹೆಸರು. ಚೆನ್ನಾಗಿದೆ. ಮಗುವಿಗೆ ಕೂದಲು ತುಂಬ ಇದೆ, ಅಲ್ವಾ?"

ಫೋನು ವಾಪಸ್ ಕೊಟ್ಟು, ಹೆಬ್ಬೆರಳಿನಿಂದ ಹಾಳೆ ಒತ್ತತೊಡಗಿದರು.

ಇದೆಲ್ಲ ನನ್ನಿಂದಲೇ ಆದದ್ದು ಎಂಬ ಅಹಂಕಾರವೂ ನನಗೆ ಬಂತು. ತಪ್ಪು ಮಾಡಿದವನಿಗೂ ಒಂದು ಅಹಂಕಾರವಿರುತ್ತದೆ. ಪರಿಹಾರ ನಾನೇ ಮಾಡುತ್ತೇನೆ ಎಂದು, ಒಂದು ಭಾನುವಾರ ಮಧ್ಯಾಹ್ನ ಹಣ್ಣಿನ ಚೀಲ ಹಿಡಿದು ಅವರ ಕೋಣೆಗೆ ಹೋದೆ. ಮೂರು ಮಹಡಿ ಹತ್ತಿ ಬಾಗಿಲು ಬಡಿದೆ. ಒಳಗೆ ಏನೋ ಬಿದ್ದ ಸದ್ದು, ಬೇಗಬೇಗ ಹೆಜ್ಜೆ, ಚಿಲಕ. ಬಾಗಿಲು ತೆರೆದಾಗ ಅವರ ಮುಖದಲ್ಲಿ ಇದ್ದದ್ದನ್ನು ನಾನು ಕೆಲಸದ ಕೋಣೆಯಲ್ಲಿ ಎಂದೂ ಕಂಡಿರಲಿಲ್ಲ. ಒಂದು ಕ್ಷಣ ಇತ್ತು. ನನ್ನನ್ನು ನೋಡಿದರು, ಹೋಯಿತು.

"ನೀನಾ. ಬಾ ಪುಟ್ಟು."

ಒಲೆಯ ಮೇಲೆ ನಾಲ್ಕು ಜನಕ್ಕಾಗುವಷ್ಟು ಅನ್ನ ಮಾಡಿದ್ದರು. ನಾನು ಮಂಚದ ಮೇಲೆ ಕೂತು, ಬಡಿಸಿದಷ್ಟನ್ನೂ ತಿಂದೆ, ಏನೇನೋ ಹಾಸ್ಯ ಮಾಡಿದೆ. ನಕ್ಕರು. ಹಾಗೇ ಮೂರು ಭಾನುವಾರ ಹೋದೆ. ಮೂರು ಸಲವೂ ಅದೇ ಸದ್ದು, ಅದೇ ಹೆಜ್ಜೆ, ಅದೇ ಒಂದು ಕ್ಷಣ. ಮೂರನೇ ಸಲ ನಾನು ಹೊರಡುವಾಗ ಬಾಗಿಲ ಬಳಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಪುಟ್ಟು, ಬೇಜಾರು ಮಾಡ್ಕೋಬೇಡ. ಇನ್ಮೇಲೆ ಭಾನುವಾರ ಬರಬೇಡ ಕಣೋ. ಬಾಗಿಲು ಬಡಿದಾಗೆಲ್ಲ ಅವನು ಅಂದ್ಕೋತೀನಿ. ಪ್ರತಿ ವಾರ ಆಗಲ್ಲ ನನಗೆ."

ಇಳಿದು ಬಂದೆ. ಆಮೇಲೆ ಹೋಗಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಪಕ್ಕದ ಊರಿಗೆ ಹೋದೆ. ಬೀಗದಣ್ಣನನ್ನು ಬಯ್ದಾದರೂ, ಕಾಲು ಹಿಡಿದಾದರೂ ಕರೆತರುತ್ತೇನೆ ಎಂದುಕೊಂಡಿದ್ದೆ. ಭಾನುವಾರವಾದರೂ ಅಂಗಡಿ ತೆರೆದಿತ್ತು. ಗಿರಾಕಿಗಳಿರಲಿಲ್ಲ. ಅವರು ಸುಮ್ಮನೆ ಕೂತು ಎದುರಿನ ಬಸ್ ನಿಲ್ದಾಣ ನೋಡುತ್ತಿದ್ದರು. ತೂಕ ಇಳಿದಿತ್ತು. ನನ್ನನ್ನು ಕಂಡು ಎದ್ದು ನಿಂತರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ನನಗೆ ಮರೆತುಹೋಯಿತು. ನನ್ನ ಕೋಣೆಯ ಕೀಲಿ ತೆಗೆದು ಕೊಟ್ಟು, "ಇನ್ನೊಂದು ಬೇಕಿತ್ತು ಅಣ್ಣ" ಎಂದೆ.

ಅವರು ಕೀಲಿಯನ್ನು ಯಂತ್ರದ ಹಿಡಿಗೆ ಸಿಕ್ಕಿಸಿ, ತಲೆ ತಗ್ಗಿಸಿ ಅರೆಯತೊಡಗಿದರು. ಚಕ್ರದ ಸದ್ದಿನ ನಡುವೆ, ಮುಖ ಎತ್ತದೆ ಕೇಳಿದರು: "ಅವರು ಹೇಗಿದಾರೆ?"

"ಚೆನ್ನಾಗಿದಾರೆ," ಎಂದೆ.

"ಒಳ್ಳೇದು," ಎಂದರು. ಕೀಲಿಯ ಹಲ್ಲುಗಳ ಮೇಲಿನ ಪುಡಿಯನ್ನು ಊದಿ ನನ್ನ ಕೈಗೆ ಕೊಟ್ಟರು. ಎಷ್ಟೆಂದು ಕೇಳಿದೆ, ಬೇಡ ಎಂದು ಕೈ ಆಡಿಸಿದರು.